ಕೋಲ್ಕತ್ತಾದ ಕಡತದಲ್ಲಿ ಶಿರಸಿಯ ಹೊತ್ತು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಾವ ಫೋನು ತೆರೆದರೂ, ಯಾವ ಕಂಪ್ಯೂಟರ್ ಹಚ್ಚಿದರೂ ಅದರೊಳಗೆ ಕೂತಿರುವ ಸಮಯವಲಯದ ಹೆಸರು ‘ಏಷ್ಯಾ/ಕೋಲ್ಕತ್ತಾ’. ಇಂದಿನ ವ್ಯವಹಾರಕ್ಕೆ ಇದರಿಂದ ತೊಂದರೆಯೇನಿಲ್ಲ. ಇಡೀ ಭಾರತಕ್ಕೆ ಒಂದೇ ಸಮಯ, ಅದು ಯುಟಿಸಿ ಎಂಬ ಸಾರ್ವತ್ರಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ, ಬೇಸಿಗೆ ಬಂತೆಂದು ಗಡಿಯಾರ ತಿರುಗಿಸುವ ಪದ್ಧತಿಯೂ ಇಲ್ಲ. ಹಾಗಾಗಿ ನಮ್ಮ ಪ್ರೋಗ್ರಾಮರುಗಳಲ್ಲಿ ಹೆಚ್ಚಿನವರು ಸಮಯವಲಯವನ್ನು ಪರದೇಶದವರ ತಲೆನೋವು ಎಂದು ಬಿಟ್ಟುಬಿಡುತ್ತಾರೆ. ಆದರೆ ಮನೆಯ ಹಳೆಯ ಜಾತಕಗಳನ್ನು, ಮಠಮಾನ್ಯಗಳ ದಾಖಲೆಗಳನ್ನು, ವಂಶಾವಳಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಈ ಭಾಗದಲ್ಲಿ ನಡೆಯುತ್ತಿರುವಾಗ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: 1900ರಲ್ಲೋ 1943ರಲ್ಲೋ ಘಟ್ಟದ ಮೇಲಿನ ಒಂದು ಮನೆಯಲ್ಲಿ ಬರೆದಿಟ್ಟ ವೇಳೆಯನ್ನು ಪೈಥಾನ್ ಅಥವಾ ಜಾವಾ ಭಾಷೆಯ ದಿನಾಂಕ-ಸಮಯದ ಲೈಬ್ರರಿಗೆ ಕೊಟ್ಟರೆ ಅದು ಯಾವ ಊರಿನ ಗಡಿಯಾರ ನೋಡಿ ಉತ್ತರ ಹೇಳುತ್ತದೆ? ಈ ಟಿಪ್ಪಣಿಯ ವಾದ ಇಷ್ಟು: ಆ ಉತ್ತರ ಕೆಲವು ಕಾಲಕ್ಕೆ ಸರಿ, ಕೆಲವು ಕಾಲಕ್ಕೆ ಸಂಶಯಾಸ್ಪದ, 1906ಕ್ಕೆ ಹಿಂದೆ ಈ ಮೂರು ತಾಲೂಕುಗಳಿಗೆ ಸಂಬಂಧಿಸಿದ್ದೇ ಅಲ್ಲ.

ಮೊದಲು ಸೂರ್ಯನ ಲೆಕ್ಕ. ಶಿರಸಿ ಪೇಟೆ ಸುಮಾರು 74.84 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಗುಣಿಸಿದರೆ ಇಲ್ಲಿಯ ಸ್ಥಳೀಯ ಸರಾಸರಿ ಸಮಯ ಯುಟಿಸಿಗಿಂತ 4 ಗಂಟೆ 59 ನಿಮಿಷ 22 ಸೆಕೆಂಡು ಮುಂದೆ. ಅಂದರೆ ಶಿರಸಿಯ ಸಹಜ ಗಡಿಯಾರ ಹೆಚ್ಚುಕಡಿಮೆ ಸರಿಯಾಗಿ ಐದು ಗಂಟೆಯ ಗಡಿಯಾರ. 75 ಡಿಗ್ರಿಯ ರೇಖೆ ಪೇಟೆಗೆ ತುಸು ಮೂಡಣಕ್ಕೆ ಹಾದುಹೋಗುತ್ತದೆ. ಸಿದ್ದಾಪುರದ್ದು 4:59:34, ಯಲ್ಲಾಪುರದ್ದು 4:58:50. ಎರಡೂ ಊರಿನ ನಡುವೆ ಮುಕ್ಕಾಲು ನಿಮಿಷದಷ್ಟೂ ವ್ಯತ್ಯಾಸವಿಲ್ಲ, ಆದ್ದರಿಂದ ಮೂರನ್ನೂ ಒಂದೇ ಎಂದು ಹಿಡಿದು ಮುಂದೆ ಹೋಗಬಹುದು. ಭಾರತೀಯ ಪ್ರಮಾಣಿತ ಸಮಯದ ರೇಖೆ 82.5 ಡಿಗ್ರಿಯದು, ಮಿರ್ಜಾಪುರದ ಕಡೆಯದು. ಆ ಲೆಕ್ಕದಲ್ಲಿ ಶಿರಸಿಯ ನಡುಹಗಲು ಸರಾಸರಿ 12 ಗಂಟೆ 30 ನಿಮಿಷ 38 ಸೆಕೆಂಡಿಗೆ. ಜನವರಿ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಗೋಡೆಯ ಗಡಿಯಾರದಲ್ಲಿ ಏಳು ಹೊಡೆದಿರುತ್ತದೆ.

ಇದನ್ನು ನಮ್ಮ ಪಂಚಾಂಗದವರು ಹೊಸದಾಗಿ ಕಲಿಯಬೇಕಾಗಿಲ್ಲ. ದೇಶಾಂತರ ಸಂಸ್ಕಾರವೆಂಬುದು ಇದೇ. ಉಜ್ಜಯಿನಿಯ ಮಧ್ಯರೇಖೆಯಿಂದ ತಮ್ಮ ಊರು ಎಷ್ಟು ಮೂಡಲು, ಎಷ್ಟು ಪಡುವಲು ಎಂದು ನೋಡಿ ಗಣಿತವನ್ನು ತಿದ್ದಿಕೊಳ್ಳುವುದು. ಒಂದು ಡಿಗ್ರಿಗೆ ಹತ್ತು ವಿಘಟಿ, ಅಂದರೆ ಅದೇ ನಾಲ್ಕು ನಿಮಿಷ. ಶಿರಸಿ ಉಜ್ಜಯಿನಿಗಿಂತ ಒಂದು ಡಿಗ್ರಿಗೆ ಸ್ವಲ್ಪ ಕಡಿಮೆ ಪಶ್ಚಿಮಕ್ಕಿರುವುದರಿಂದ ತಿದ್ದುಪಡಿ ಒಂಬತ್ತು ವಿಘಟಿಯ ಆಸುಪಾಸು. ಕುಮಟಾದ ಬಗ್ಗೋಣ ಪಂಚಾಂಗವನ್ನು ಎದುರಿಗಿಟ್ಟುಕೊಂಡು ಘಟ್ಟದ ಮೇಲಿನ ಭಟ್ಟರು ಮುಹೂರ್ತ ಹೇಳುವಾಗ ಈ ವ್ಯತ್ಯಾಸ ಅವರ ಕಣ್ಣಳತೆಯಲ್ಲೇ ಇರುತ್ತದೆ. ಕಂಪ್ಯೂಟರಿನ ಸಮಯವಲಯದ ಕಡತ ಬೇರೆಯೇ ಜಾತಿಯದು. ಅದು ಸೂರ್ಯನನ್ನು ಕೇಳುವುದಿಲ್ಲ. ಯಾವ ಸರಕಾರ ಯಾವ ದಿನದಿಂದ ಗಡಿಯಾರವನ್ನು ಎಷ್ಟಕ್ಕೆ ಇಡಲು ಹೇಳಿತು ಎಂಬುದಷ್ಟೇ ಅದರ ವಿಷಯ.

ಈ ಕಡತದ ಚರಿತ್ರೆ ಗೊತ್ತಿರಬೇಕು, ಯಾಕೆಂದರೆ ಅದರ ಮಿತಿ ಹುಟ್ಟಿನಿಂದಲೇ ಬಂದದ್ದು. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಇದನ್ನು ಕಟ್ಟಲು ತೊಡಗಿದರು. ಮುಂದೆ ಪಾಲ್ ಎಗ್ಗರ್ಟ್ ಬೆಳೆಸಿದರು. ಖಂಡದ ಹೆಸರು, ಓರೆಗೆರೆ, ಊರಿನ ಹೆಸರು ಎಂಬ ಈಗಿನ ರೂಢಿ ಎಗ್ಗರ್ಟ್ ಅವರದ್ದು. ಲಿನಕ್ಸ್, ಆಂಡ್ರಾಯ್ಡ್, ಐಫೋನ್, ಜಾವಾ, ಪೈಥಾನ್ ಎಲ್ಲವೂ ಇದನ್ನೇ ನಂಬಿವೆ. ಹಳೆಯ ಕಾಲದ ಮಾಹಿತಿಗೆ ಈ ಕಡತ ಬಹಳಷ್ಟು ಆತುಕೊಂಡದ್ದು ಜ್ಯೋತಿಷಿಗಳಿಗಾಗಿ ತಯಾರಾದ ಅಟ್ಲಾಸುಗಳಿಗೆ. ಹುಟ್ಟಿದ ಗಳಿಗೆಯಲ್ಲಿ ಆ ಊರಿನ ಗಡಿಯಾರ ಎಷ್ಟಿತ್ತು ಎಂಬುದು ಜಗತ್ತಿನಲ್ಲಿ ಮತ್ತ್ಯಾರಿಗೆ ಅಷ್ಟು ತುರ್ತಾಗಿ ಬೇಕು? 2011ರ ಸೆಪ್ಟೆಂಬರ್ 30ರಂದು ಆಸ್ಟ್ರೊಲೇಬ್ ಎಂಬ ಜ್ಯೋತಿಷ ತಂತ್ರಾಂಶದ ಕಂಪನಿ, ತನ್ನ ಹಕ್ಕಿನ ಅಟ್ಲಾಸಿನಿಂದ ಮಾಹಿತಿ ಎತ್ತಿದ್ದಾರೆಂದು ಓಲ್ಸನ್ ಮತ್ತು ಎಗ್ಗರ್ಟ್ ಇಬ್ಬರ ಮೇಲೂ ದಾವೆ ಹೂಡಿತು. ಅದೇ ಅಕ್ಟೋಬರಿನಲ್ಲಿ ಕಡತದ ಉಸ್ತುವಾರಿ ಇಂಟರ್ನೆಟ್ಟಿನ ವಿಳಾಸ-ಸಂಖ್ಯೆಗಳನ್ನು ನೋಡಿಕೊಳ್ಳುವ ಐಯಾನಾ ಸಂಸ್ಥೆಗೆ ಹೋಯಿತು. 2012ರ ಫೆಬ್ರವರಿಯಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. ಜಾತಕ ಮತ್ತು ಕಂಪ್ಯೂಟರಿನ ನಂಟು ಶಿರಸಿಯಲ್ಲಿ ಹುಟ್ಟಿದ್ದೇನಲ್ಲ ಎಂಬುದಕ್ಕೆ ಇಷ್ಟು ಸಾಕು.

ಕಡತದ ನಿಯಮ ಹೀಗಿದೆ. 1970ರಿಂದ ಈಚೆಗೆ ಒಂದೇ ಗಡಿಯಾರ ನಡೆಸಿದ ಪ್ರದೇಶಕ್ಕೆಲ್ಲ ಒಂದು ಹೆಸರು ಸಾಕು. 1970ಕ್ಕೆ ಹಿಂದಿನ ಸಾಲುಗಳು ಆ ಹೆಸರಿನ ಊರಿಗೆ ಮಾತ್ರ ಅನ್ವಯ. ಹಾಗಾಗಿ ಮುಂಬಯಿ, ಚೆನ್ನೈ, ಬೆಂಗಳೂರು, ಶಿರಸಿ ಎಲ್ಲವೂ ಕೋಲ್ಕತ್ತಾದ ಕೊಡೆಯ ಕೆಳಗೆ. ಈ ಷರತ್ತು ಕಡತದ ಜೊತೆಗಿರುವ ವಿವರಣೆಯಲ್ಲಿ ಸ್ಪಷ್ಟವಾಗಿಯೇ ಇದೆ. ಲೈಬ್ರರಿಗಳು ಮಾತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. 1880ರ ದಿನಾಂಕ ಕೊಟ್ಟರೂ 2020ರದ್ದು ಕೊಟ್ಟರೂ ಒಂದೇ ಧೈರ್ಯದಲ್ಲಿ ಉತ್ತರ ಕೊಡುತ್ತವೆ.

ಏಷ್ಯಾ/ಕೋಲ್ಕತ್ತಾ ಎಂಬ ನಮೂದನ್ನು ಸಾಲುಸಾಲಾಗಿ ಓದಿದರೆ ಸಿಗುವುದು ಇದು. 1854ರ ಜೂನ್ 28ರವರೆಗೆ ಕೋಲ್ಕತ್ತಾದ ಸ್ಥಳೀಯ ಸಮಯ, 5:53:28. ಅಲ್ಲಿಂದ 1870ರವರೆಗೆ ಹೌರಾ ಸಮಯ, 5:53:20. 1870ರಿಂದ 1906ರ ಜನವರಿ 1ರವರೆಗೆ ಮದ್ರಾಸ್ ಸಮಯ, 5:21:10. ಅಲ್ಲಿಂದ ಭಾರತೀಯ ಪ್ರಮಾಣಿತ ಸಮಯ, 5:30. ನಡುವೆ 1941ರ ಅಕ್ಟೋಬರ್‌ನಿಂದ 1942ರ ಮೇ 15ರವರೆಗೆ ಒಮ್ಮೆ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ 15ರವರೆಗೆ ಇನ್ನೊಮ್ಮೆ, ಒಂದು ಗಂಟೆ ಮುಂದೆ, ಅಂದರೆ 6:30. ಆಮೇಲೆ ಇಂದಿನವರೆಗೂ 5:30.

ಇದರಲ್ಲಿ ಶಿರಸಿ ಎಲ್ಲಿ ನಿಲ್ಲುತ್ತದೆ? 1862ರಲ್ಲಿ ಈ ತಾಲೂಕುಗಳಿರುವ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. 1956ರವರೆಗೂ ಮುಂಬಯಿಯ ಆಡಳಿತವೇ. ಮುಂಬಯಿಗೆ ತನ್ನದೇ ಸಮಯವಿತ್ತು, 4:51. ತಂತಿ ಮತ್ತು ರೈಲು ಇಲಾಖೆಗಳು ಹಿಡಿದದ್ದು ಮದ್ರಾಸ್ ಸಮಯ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಸರಕಾರಿ ಕಚೇರಿಗಳಿಗೆ ಮದ್ರಾಸ್ ಸಮಯ ಹೇರಲು ಹೋಗಿ ಮುಂಬಯಿಯ ಜನರ ವಿರೋಧ ಕಟ್ಟಿಕೊಂಡರು. ಆ ಆದೇಶ ಬಹಳ ಕಾಲ ನಿಲ್ಲಲಿಲ್ಲ. 1906ರ ನಂತರವೂ ಮುಂಬಯಿ ನಗರ ತನ್ನ ಹಳೆಯ ಸಮಯವನ್ನು 1955ರವರೆಗೆ ಎಳೆದುಕೊಂಡೇ ಬಂತು.

ರೈಲು ಸಮಯವಾದರೂ ಇಲ್ಲಿಗೆ ಬಂದೀತೆಂದರೆ ರೈಲೇ ಬರಲಿಲ್ಲ. ಈ ಮೂರು ಪೇಟೆಗಳಿಗೆ ಇವತ್ತಿಗೂ ರೈಲಿಲ್ಲ. ಸಿದ್ದಾಪುರದವರು ಹತ್ತಬೇಕಾದರೆ ತಾಳಗುಪ್ಪಕ್ಕೆ ಹೋಗಬೇಕು; ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ ಕಾಡಿನ ವ್ಯಾಜ್ಯದಲ್ಲಿ ದಶಕಗಳಿಂದ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಿರಸಿ ಸೀಮೆಯ ತೋಟದ ಮನೆಯಲ್ಲಿ ಹೊತ್ತು ತಿಳಿಯುವುದು ಸೂರ್ಯನಿಂದ ಮತ್ತು ಗಳಿಗೆ ಬಟ್ಟಲಿನಿಂದ. ಕಚೇರಿಯ ಕಾಗದದಲ್ಲಿ ಗಂಟೆ ಕಂಡರೆ ಅದು ಮುಂಬಯಿಯದೋ ಮದ್ರಾಸಿನದೋ ಎಂದು ಆ ಕಾಗದದ ಕುಲಗೋತ್ರ ನೋಡಿಯೇ ತೀರ್ಮಾನಿಸಬೇಕು. ಅಂತರಗಳನ್ನು ಒಟ್ಟಿಗಿಟ್ಟು ನೋಡಿ: ಶಿರಸಿಯ ಸಹಜ ಸಮಯ ಮುಂಬಯಿ ಸಮಯಕ್ಕಿಂತ 8 ನಿಮಿಷ 22 ಸೆಕೆಂಡು ಮುಂದೆ, ಮದ್ರಾಸ್ ಸಮಯಕ್ಕಿಂತ 21 ನಿಮಿಷ 48 ಸೆಕೆಂಡು ಹಿಂದೆ, ಕೋಲ್ಕತ್ತಾದ ಸಮಯಕ್ಕಿಂತ 54 ನಿಮಿಷ ಹಿಂದೆ. ಜಾತಕದ ಲಗ್ನ, ಅಂದರೆ ಆ ಗಳಿಗೆಯಲ್ಲಿ ಮೂಡಣ ದಿಗಂತದಲ್ಲಿ ಏಳುತ್ತಿರುವ ರಾಶಿಯ ಬಿಂದು, ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. 54 ನಿಮಿಷವೆಂದರೆ ಹದಿಮೂರೂವರೆ ಡಿಗ್ರಿ, ಅರ್ಧ ರಾಶಿಯ ಹತ್ತಿರ ಹತ್ತಿರ. ಜ್ಯೋತಿಷವನ್ನು ನಂಬುವುದು ಬಿಡುವುದು ಬೇರೆ ಮಾತು. ಹಳೆಯ ದಾಖಲೆಯ ವೇಳೆಯನ್ನು ತಾಳೆ ನೋಡುವ ಸಂಶೋಧಕನಿಗೆ ಲಗ್ನ ಎಂಬುದು ಒಂದು ಅಳತೆಗೋಲು. ಅದರಲ್ಲಿ ಇಷ್ಟು ತಪ್ಪು ಹೊಕ್ಕರೆ ಮುಂದಿನ ಪರಿಶೀಲನೆಗೆ ಅರ್ಥವಿಲ್ಲ.

ಹಳೆಯ ಜಾತಕದ ಒಂದು ಗುಣವನ್ನು ಇಲ್ಲಿ ಮೆಚ್ಚಬೇಕು. ಅದರಲ್ಲಿ ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಕೊನೆಗೆ ಸೂರ್ಯೋದಯದಿಂದ ಇಷ್ಟು ಘಟಿ ಇಷ್ಟು ವಿಘಟಿ ಎಂದಿರುತ್ತದೆ. ಒಂದು ಘಟಿ 24 ನಿಮಿಷ. ಇದನ್ನು ಯುಟಿಸಿಗೆ ತಿರುಗಿಸಲು ಸಮಯವಲಯದ ಕಡತವೇ ಬೇಡ. ಊರಿನ ಅಕ್ಷಾಂಶ ರೇಖಾಂಶ ಕೊಟ್ಟು ಆ ದಿನದ ಸೂರ್ಯೋದಯ ಗಣಿಸಿ, ಘಟಿಯನ್ನು ನಿಮಿಷ ಮಾಡಿ ಕೂಡಿಸಿದರೆ ಮುಗಿಯಿತು. ಯಾವ ಸರಕಾರ ಯಾವಾಗ ಗಡಿಯಾರ ತಿರುಗಿಸಿತು ಎಂಬುದು ಈ ಲೆಕ್ಕವನ್ನು ಮುಟ್ಟುವುದಿಲ್ಲ. ಆದ್ದರಿಂದ 1906ಕ್ಕೆ ಹಿಂದಿನ ಘಟಿ-ವಿಘಟಿಯ ದಾಖಲೆಯನ್ನು ಯಾರಾದರೂ ಅವಸರದಲ್ಲಿ ‘ಗಂಟೆ ನಿಮಿಷ, ಏಷ್ಯಾ/ಕೋಲ್ಕತ್ತಾ’ ಎಂದು ಕೋಷ್ಟಕಕ್ಕೆ ತುಂಬಿದರೆ ಗಟ್ಟಿಯಾಗಿದ್ದ ಮಾಹಿತಿಯನ್ನು ಕೈಯಾರೆ ಹಾಳುಮಾಡಿದಂತೆ. 1870ರ ನಂತರದ್ದಾದರೆ ಲೈಬ್ರರಿ ಅದಕ್ಕೆ ಮದ್ರಾಸ್ ಸಮಯ ಹಚ್ಚಿ ಇಪ್ಪತ್ತೆರಡು ನಿಮಿಷ ಆಚೀಚೆ ಮಾಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಎರಡನೆಯ ಮಹಾಯುದ್ಧದ ಕಾಲ. ಇಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಭಾರತದ ಸಮಯ ಎಂದೂ ಬದಲಾಗಿಲ್ಲವೆಂದು ಭಾವಿಸಿ 5:30 ಎಂದು ಗಟ್ಟಿಯಾಗಿ ಬರೆದುಬಿಡುವ ಪ್ರೋಗ್ರಾಮರು 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಹುಟ್ಟಿದವರಿಗೆ ಒಂದು ಗಂಟೆ ತಪ್ಪು ಮಾಡುತ್ತಾನೆ. ಕೋಲ್ಕತ್ತಾದ ಕಡತ ಇಲ್ಲಿ ನಮ್ಮ ಪಕ್ಷಕ್ಕಿದೆ. ಎರಡನೆಯ ಅವಧಿ ಇಡೀ ಬ್ರಿಟಿಷ್ ಭಾರತದ್ದು. ಲೆಕ್ಕಕ್ಕಾಗಿ ಒಂದು ಜಾತಕ ಕಲ್ಪಿಸಿಕೊಳ್ಳೋಣ. ಶಿರಸಿ ತಾಲೂಕಿನ ಒಂದು ಮನೆ, 1943ರ ಜನವರಿ 14, ಗುರುವಾರ. ಜಾತಕದ ಮೂಲೆಯಲ್ಲಿ ‘ಬೆಳಿಗ್ಗೆ 9-30’ ಎಂದೂ ಒಳಗೆ ‘ಸೂರ್ಯೋದಯಾತ್ ಗತ ಘಟಿ 3, ವಿಘಟಿ 45’ ಎಂದೂ ಇದೆ. ಮೂರೂಮುಕ್ಕಾಲು ಘಟಿ ಎಂದರೆ ಒಂದೂವರೆ ಗಂಟೆ. ಆ ದಿನ ಶಿರಸಿಯಲ್ಲಿ ಸೂರ್ಯೋದಯ ಪ್ರಮಾಣಿತ ಸಮಯದ ಪ್ರಕಾರ 7 ಗಂಟೆಗೆ. ಅದಕ್ಕೆ ಒಂದೂವರೆ ಗಂಟೆ ಸೇರಿಸಿದರೆ 8:30 ಆಯಿತೇ ಹೊರತು 9:30 ಅಲ್ಲ. ಯುದ್ಧಕಾಲದ ಗಡಿಯಾರದಲ್ಲಿ ಸೂರ್ಯೋದಯ 8ಕ್ಕೆ. 8ಕ್ಕೆ ಒಂದೂವರೆ ಸೇರಿದರೆ 9:30, ತಾಳೆಯಾಯಿತು. ಮನೆಯವರು ನೋಡಿದ್ದು ಯುದ್ಧಕಾಲಕ್ಕೆ ಹೊಂದಿಸಿದ ಗಡಿಯಾರವನ್ನೇ. ನಿಜವಾದ ಗಳಿಗೆ ಯುಟಿಸಿಯಲ್ಲಿ 3 ಗಂಟೆ. ಪೈಥಾನ್‌ನ ಜೋನ್‌ಇನ್ಫೋ ಲೈಬ್ರರಿ ಇದನ್ನು ಸರಿಯಾಗಿ ಹೇಳುತ್ತದೆ. 5:30 ಎಂದು ಕಟ್ಟಿಹಾಕಿದ ತಂತ್ರಾಂಶ 4 ಗಂಟೆ ಎನ್ನುತ್ತದೆ, ಲಗ್ನ ಹದಿನೈದು ಡಿಗ್ರಿ ಜಾರುತ್ತದೆ.

ಇದೇ ಕ್ರಮವನ್ನು ತಿರುಗಿಸಿಯೂ ಬಳಸಬಹುದು. ಎರಡೂ ಬಗೆಯ ನಮೂದಿರುವ ಜಾತಕ ಸಿಕ್ಕಿದರೆ, ಆ ಮನೆಯ ಗಡಿಯಾರ ಆ ಕಾಲಕ್ಕೆ ಎಷ್ಟಕ್ಕೆ ನಡೆಯುತ್ತಿತ್ತು ಎಂದು ಜಾತಕವೇ ಸಾಕ್ಷಿ ಹೇಳುತ್ತದೆ. ಸರಕಾರ ಗಡಿಯಾರ ಮುಂದೆ ಮಾಡಿತೆಂದು ಬಾಳೇಸರದಂಥ ಹಳ್ಳಿಯ ಒಂಟಿ ಮನೆಯವರೂ ಮರುದಿನವೇ ಮುಳ್ಳು ತಿರುಗಿಸಿದರು ಎಂದು ಭಾವಿಸಲು ಕಾರಣವಿಲ್ಲವಲ್ಲ.

ಯುದ್ಧಕಾಲದ ಮೊದಲ ಅವಧಿಯ ವಿಷಯದಲ್ಲಿ ನನ್ನ ನಿಲುವು ಬೇರೆ. 1941ರ ಅಕ್ಟೋಬರ್‌ನಿಂದ 1942ರ ಮೇವರೆಗಿನ ಸಾಲು ಕೋಲ್ಕತ್ತಾ ನಗರದ ಚರಿತ್ರೆ ಹೇಳುವ ನಮೂದಿನಲ್ಲಿದೆ. 1970ಕ್ಕೆ ಹಿಂದಿನದೆಲ್ಲ ಹೆಸರಿನ ಊರಿಗೆ ಮಾತ್ರ ಎಂಬ ನಿಯಮವನ್ನು ಗಂಭೀರವಾಗಿ ತೆಗೆದುಕೊಂಡರೆ, ಮುಂಬಯಿ ಪ್ರಾಂತ್ಯದ ಒಂದು ಜಿಲ್ಲೆಗೆ ಅದನ್ನು ಹಾಗೇ ಹೊತ್ತು ತರುವಂತಿಲ್ಲ. 1941ರ ಡಿಸೆಂಬರಿನಲ್ಲಿ ಯಲ್ಲಾಪುರದಲ್ಲಿ ಹುಟ್ಟಿದ ಮಗುವಿನ ವೇಳೆಗೆ ಲೈಬ್ರರಿ 6:30 ಹಚ್ಚಿದರೆ ಒಪ್ಪಬಾರದು. ಅಂಥ ದಾಖಲೆಗೆ 5:30 ಹಚ್ಚಿ, ಘಟಿಯ ಲೆಕ್ಕದಿಂದ ಪರೀಕ್ಷಿಸಿ ಮುಂದುವರಿಯುವುದು ಸರಿ. ಜಾತಕದ ತಂತ್ರಾಂಶ ಬರೆಯುವವರು ಈ ಏಳೂವರೆ ತಿಂಗಳನ್ನು ಕಣ್ಣುಮುಚ್ಚಿ ಲೈಬ್ರರಿಗೆ ಬಿಟ್ಟುಕೊಡುವುದನ್ನು ನಿಲ್ಲಿಸಬೇಕು.

ಹಳೆಯ ಚರಿತ್ರೆ ಇಂದಿನ ಅಡಿಕೆ ವ್ಯಾಪಾರದೊಳಗೂ ನುಸುಳುವುದುಂಟು. ಪೈಥಾನ್‌ನಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಲೈಬ್ರರಿ ಪೈಟಿಜ಼ೆಡ್. 2020ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.9ರೊಳಗೆ ಜೋನ್‌ಇನ್ಫೋ ಸೇರುವವರೆಗೂ ಹೆಚ್ಚಿನವರು ಅದನ್ನೇ ಬಳಸಿದರು, ಹಳೆಯ ತಂತ್ರಾಂಶಗಳಲ್ಲಿ ಈಗಲೂ ಇದೆ. ಅದರಲ್ಲಿ ವೇಳೆಗೆ ಸಮಯವಲಯವನ್ನು ಹೊಂದಿಸಲು ಬೇರೆ ಒಂದು ಆಜ್ಞೆಯಿದೆ. ಅದನ್ನು ಬಳಸದೆ ದಿನಾಂಕ ಕಟ್ಟುವಾಗಲೇ ವಲಯವನ್ನು ನೇರವಾಗಿ ತುರುಕಿದರೆ, ಲೈಬ್ರರಿ ಕಡತದ ಮೊಟ್ಟಮೊದಲ ಸಾಲನ್ನು ಹಿಡಿದುಕೊಳ್ಳುತ್ತದೆ. ಮೊದಲ ಸಾಲು ಯಾವುದು? 1854ಕ್ಕೆ ಹಿಂದಿನ ಕೋಲ್ಕತ್ತಾ, 5 ಗಂಟೆ 53 ನಿಮಿಷ. ಅಡಿಕೆ ಟೆಂಡರ್ ಮಧ್ಯಾಹ್ನ 2 ಗಂಟೆಗೆ ಮುಚ್ಚಬೇಕೆಂದು ಹೀಗೆ ಬರೆದರೆ ಯುಟಿಸಿಯಲ್ಲಿ ದಾಖಲಾಗುವುದು 8:30 ಅಲ್ಲ, 8:07. ಯಂತ್ರ ಟೆಂಡರ್ ಮುಚ್ಚುವುದು 1:37ಕ್ಕೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳಿಗೆ ಕೊನೆಯ ಕ್ಷಣದಲ್ಲಿ ದರ ಹಾಕುವ ವ್ಯಾಪಾರಿಗೆ ಬಾಗಿಲು ಇಪ್ಪತ್ತಮೂರು ನಿಮಿಷ ಮೊದಲೇ ಮುಚ್ಚಿರುತ್ತದೆ. ಸಿಪಾಯಿ ದಂಗೆಗೂ ಮುಂಚಿನ ಕೋಲ್ಕತ್ತಾದ ನಡುಹಗಲು ಇಂದಿನ ಶಿರಸಿಯ ಅಡಿಕೆ ದರದಲ್ಲಿ ಕೈಯಾಡಿಸಿದ ಹಾಗಾಯಿತು. ಲೆಕ್ಕದಲ್ಲಿ 23 ನಿಮಿಷದ ತಪ್ಪು ಎಲ್ಲೇ ಕಂಡರೂ ಮೊದಲು ಈ ಮೂಲೆಯನ್ನು ತಡಕುವುದು ಒಳ್ಳೆಯದು.

ಇಂಥದ್ದೇ ಇನ್ನೊಂದು ಬಲೆ ಐಎಸ್‌ಟಿ ಎಂಬ ಮೂರಕ್ಷರ. ನಮಗೆ ಅದು ಭಾರತದ್ದು. ಇಸ್ರೇಲಿನವರಿಗೆ ಇಸ್ರೇಲಿನದು, ಐರ್ಲೆಂಡಿನವರಿಗೆ ಅವರ ಬೇಸಿಗೆಯ ಸಮಯ. ಪೋಸ್ಟ್‌ಗ್ರೆಸ್ ದತ್ತಸಂಚಯವನ್ನು ಏನೂ ಹೊಂದಿಸದೆ ಬಳಸಿದರೆ ‘10:00 ಐಎಸ್‌ಟಿ’ ಎಂಬುದನ್ನು ಅದು ಜೆರುಸಲೇಮಿನ ಹತ್ತು ಗಂಟೆ ಎಂದು ಓದಬಹುದು. ನಮ್ಮ ಗಡಿಯಾರದಲ್ಲಿ ಅದು ಮಧ್ಯಾಹ್ನ ಒಂದೂವರೆ. ಭಾರತದ ಅರ್ಥ ಬೇಕೆಂದರೆ ಅದಕ್ಕೆ ‘ಇಂಡಿಯಾ’ ಎಂಬ ಬೇರೆಯೇ ಸಂಕ್ಷೇಪಪಟ್ಟಿ ಇದೆ, ಅದನ್ನು ಆರಿಸಿಕೊಳ್ಳಬೇಕು. ಜಾವಾದ ಹಳೆಯ ಲೈಬ್ರರಿ ಐಎಸ್‌ಟಿಯನ್ನು ಭಾರತವೆಂದೇ ಹಿಡಿಯುತ್ತದೆ. ಆದರೆ ವಲಯದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ತಕರಾರಿಲ್ಲದೆ ಗ್ರೀನಿಚ್ ಸಮಯ ಕೊಟ್ಟು ಸುಮ್ಮನಾಗುತ್ತದೆ. 2014ರಲ್ಲಿ ಜಾವಾ 8ರ ಜೊತೆ ಬಂದ ಹೊಸ ಲೈಬ್ರರಿ ಅಂಥ ತಪ್ಪಿಗೆ ದೋಷವೆಂದು ಕೂಗುತ್ತದೆ. ಸ್ಟೀಫನ್ ಕೋಲ್‌ಬೋರ್ನ್ ಮುಂದಾಳತ್ವದಲ್ಲಿ ಅದನ್ನು ರಚಿಸಿದವರು ಮಾಡಿದ ದೊಡ್ಡ ಉಪಕಾರ ಇದೇ ಎಂದು ನನಗನಿಸುತ್ತದೆ.

ಈಗ ಶಿರಸಿಯ ಮಾರಿಕಾಂಬಾ ಜಾತ್ರೆಯ ಉದಾಹರಣೆ. ಎರಡು ವರ್ಷಕ್ಕೊಮ್ಮೆ ಮಂಗಳವಾರ ದೇವಿಯ ಕಲ್ಯಾಣ, ಬುಧವಾರ ರಥೋತ್ಸವ, ಬಿಡಕಿಬೈಲಿನ ಗದ್ದುಗೆಯಲ್ಲಿ ದರ್ಶನ, ಮುಂದಿನ ಬುಧವಾರ ಮುಕ್ತಾಯ. ಹೊರದೇಶದಲ್ಲಿರುವ ಊರವರು ಈಗ ಇದನ್ನು ಫೋನಿನಲ್ಲೇ ನೋಡುತ್ತಾರೆ. ಜಾತ್ರೆ ಬರುವ ಕಾಲಕ್ಕೆ ಹತ್ತಿರವೇ ಅಮೆರಿಕದಲ್ಲಿ ಗಡಿಯಾರ ಮುಂದೆ ಮಾಡುವ ದಿನವೂ ಬರುತ್ತದೆ: ಮಾರ್ಚ್ ತಿಂಗಳ ಎರಡನೆಯ ಭಾನುವಾರ. 2022ರಲ್ಲಿ ಜಾತ್ರೆ ಮಾರ್ಚ್ 15ಕ್ಕೆ, 2024ರಲ್ಲಿ ಮಾರ್ಚ್ 19ಕ್ಕೆ ಆರಂಭವಾಯಿತು; ಎರಡು ಸಲವೂ ಅಲ್ಲಿಯ ಬದಲಾವಣೆ ಮುಗಿದಿತ್ತು. 2020ರಲ್ಲಿ ಮಾತ್ರ ಜಾತ್ರೆ ಮಾರ್ಚ್ 3ರಿಂದ 11ರವರೆಗೆ, ಅಮೆರಿಕದ ಬದಲಾವಣೆ ಮಾರ್ಚ್ 8ಕ್ಕೆ, ಜಾತ್ರೆಯ ಹೊಟ್ಟೆಯೊಳಗೇ ಬಂತು. ಆ ಭಾನುವಾರ ಮಧ್ಯಾಹ್ನ ಶಿರಸಿಯಲ್ಲಿ 12:30 ಆಗುವಾಗ ನ್ಯೂಜೆರ್ಸಿಯ ಗಡಿಯಾರ ಎರಡರಿಂದ ಮೂರಕ್ಕೆ ಹಾರಿತು. ಅಲ್ಲಿ ಅಂದು ಬೆಳಗಿನ ಜಾವ ಎರಡೂವರೆ ಎಂಬ ವೇಳೆಯೇ ಇರಲಿಲ್ಲ. ಎರಡೂ ಬುಧವಾರ ಬೆಳಿಗ್ಗೆ 7 ಗಂಟೆಯನ್ನು ಲೆಕ್ಕಕ್ಕೆ ಹಿಡಿದರೆ, ಮೊದಲನೆಯದು ಅಲ್ಲಿ ಮಂಗಳವಾರ ರಾತ್ರಿ 8:30, ಎರಡನೆಯದು ಮಂಗಳವಾರ ರಾತ್ರಿ 9:30. ಇಲ್ಲಿ ಏನೂ ಬದಲಾಗಲಿಲ್ಲ, ಆದರೂ ಅಲ್ಲಿರುವ ಊರವರ ಪಾಲಿಗೆ ಜಾತ್ರೆ ಒಂದು ಗಂಟೆ ಮುಂದಕ್ಕೆ ಹೋಯಿತು.

ಇದನ್ನು ಪ್ರೋಗ್ರಾಮಿನಲ್ಲಿ ಬರೆಯುವಾಗ ಎರಡು ಭಾಷೆಗಳು ಎರಡು ದಾರಿ ಹಿಡಿಯುತ್ತವೆ, ಇದು ಗಮನಿಸಬೇಕಾದ ಸಂಗತಿ. ನ್ಯೂಯಾರ್ಕ್ ವಲಯದಲ್ಲಿ ಮಾರ್ಚ್ 7ರ ರಾತ್ರಿ 8:30ಕ್ಕೆ 24 ಗಂಟೆ ಸೇರಿಸು ಎಂದು ಜಾವಾಕ್ಕೆ ಹೇಳಿದರೆ ನಿಜವಾಗಿ ಕಳೆದ ಗಂಟೆ ಎಣಿಸಿ ಮಾರ್ಚ್ 8ರ ರಾತ್ರಿ 9:30 ಎನ್ನುತ್ತದೆ. ಒಂದು ದಿನ ಸೇರಿಸು ಎಂದರೆ 8:30. ಪೈಥಾನ್‌ಗೆ 24 ಗಂಟೆ ಎಂದರೂ ಒಂದು ದಿನ ಎಂದರೂ ಒಂದೇ, ಗೋಡೆಯ ಗಡಿಯಾರ ನೋಡಿ 8:30 ಎನ್ನುತ್ತದೆ. ಶಿರಸಿಯ ಕಾರ್ಯಕ್ರಮವನ್ನು ಹಿಂಬಾಲಿಸಲು ಬೇಕಾದದ್ದು ಜಾವಾದ ಮೊದಲ ಉತ್ತರ. ಅದಕ್ಕಿಂತ ನೇರವಾದ ದಾರಿ, ಕೂಡುವುದನ್ನೆಲ್ಲ ಶಿರಸಿಯ ಗಡಿಯಾರದಲ್ಲಿ ಮುಗಿಸಿ ತೋರಿಸುವಾಗ ಮಾತ್ರ ನೋಡುಗರ ಊರಿಗೆ ತಿರುಗಿಸುವುದು.

ದಿನಾಂಕ ಮಾತ್ರ ಬರೆದರೂ ಪಾರಾಗುವಂತಿಲ್ಲ. ಜಾವಾಸ್ಕ್ರಿಪ್ಟ್‌ಗೆ ‘2024-03-19’ ಎಂದು ವೇಳೆಯಿಲ್ಲದೆ ಕೊಟ್ಟರೆ ಅದನ್ನು ಯುಟಿಸಿಯ ಮಧ್ಯರಾತ್ರಿ ಎಂದು ಹಿಡಿಯುತ್ತದೆ. ಶಿರಸಿಯಲ್ಲಿ ಅದು ಬೆಳಿಗ್ಗೆ ಐದೂವರೆ, ದಿನ ಅದೇ, ಯಾರ ಗಮನಕ್ಕೂ ಬರುವುದಿಲ್ಲ. ನ್ಯೂಜೆರ್ಸಿಯ ಫೋನಿನಲ್ಲಿ ಅದೇ ಮಾರ್ಚ್ 18ರ ರಾತ್ರಿ ಎಂಟು. ಜಾತ್ರೆ ಸೋಮವಾರ ಶುರು ಎಂದು ಪರದೆ ಹೇಳುತ್ತದೆ. ಶಿರಸಿಯ ಮಾರಿಜಾತ್ರೆ ಸೋಮವಾರ ಶುರುವಾಯಿತೆಂದರೆ ಊರಲ್ಲಿ ಚಿಕ್ಕ ಮಕ್ಕಳೂ ನಕ್ಕಾರು.

ವಾರದ ಮಾತು ಬಂದದ್ದರಿಂದ ಇನ್ನೊಂದು ವಿಷಯ ಸೇರಿಸುತ್ತೇನೆ. ಲೈಬ್ರರಿಗಳ ದಿನ ಮಧ್ಯರಾತ್ರಿಗೆ ಹುಟ್ಟುತ್ತದೆ, ಪಂಚಾಂಗದ ದಿನ ಸೂರ್ಯೋದಯಕ್ಕೆ. ಭಾನುವಾರ ನಸುಕಿನ 3 ಗಂಟೆಗೆ ಹುಟ್ಟಿದ ಮಗುವಿಗೆ ಆಸ್ಪತ್ರೆಯ ಕಾಗದ ಭಾನುವಾರ ಎನ್ನುತ್ತದೆ, ಜಾತಕ ಶನಿವಾರ ಎನ್ನುತ್ತದೆ. ಎರಡೂ ಸರಿಯೇ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಕರಪತ್ರವೂ ಇದೇ ಜಾಡಿನದು. ಶನಿವಾರ ರಾತ್ರಿಯ ಆಟ ಎಂದರೆ ಬೆಳಗಿನ ಜಾವದ ಎರಡನೆಯ ಪ್ರಸಂಗವೂ ನೋಡುವವರಿಗೆ ಶನಿವಾರದ್ದೇ. ಹಳೆಯ ದಾಖಲೆಗಳಲ್ಲಿ ವಾರ ಮತ್ತು ತಾರೀಕು ಹೊಂದದೆ ಇದ್ದಾಗ ಬರೆದವರು ತಪ್ಪಿದರೆಂದು ತೀರ್ಮಾನಿಸುವ ಮೊದಲು, ವೇಳೆ ಮಧ್ಯರಾತ್ರಿಗೂ ಸೂರ್ಯೋದಯಕ್ಕೂ ನಡುವಿನದೇ ಎಂದು ನೋಡಬೇಕು. ತಂತ್ರಾಂಶ ತಾನಾಗಿ ವಾರವನ್ನು ‘ತಿದ್ದಿ’ ಕೊಡುವುದಂತೂ ಕೂಡದು.

ಹಾಗಾದರೆ ದಾಖಲೆಯನ್ನು ಇಡುವುದು ಹೇಗೆ? ನಡೆದುಹೋದ ಇಂದಿನ ಘಟನೆಗೆ, ಅಂದರೆ ಟೆಂಡರಿಗೆ ದರ ಬಿದ್ದ ಕ್ಷಣ, ಹಣ ಜಮಾ ಆದ ಕ್ಷಣ, ಇಂಥದಕ್ಕೆ ಯುಟಿಸಿ ಸಾಕು. ಮುಂದೆ ನಡೆಯಬೇಕಾದದ್ದಕ್ಕೆ ಯುಟಿಸಿ ಸಾಲದು. ಘೋಷಿಸಿದ ಮುಹೂರ್ತವನ್ನು ಊರಿನ ಗಡಿಯಾರದ ವೇಳೆ ಮತ್ತು ವಲಯದ ಹೆಸರು ಎಂದೇ ಇಡಬೇಕು, ಏಕೆಂದರೆ ಸಮಯದ ನಿಯಮ ಬದಲಾದರೂ ಮುಹೂರ್ತ ಬದಲಾಗುವುದಿಲ್ಲ. ಸಮೋವಾ ದೇಶ 2011ರ ಡಿಸೆಂಬರ್ 30ನ್ನು ಪಂಚಾಂಗದಿಂದಲೇ ಎತ್ತಿಹಾಕಿತು; ಸರಕಾರಗಳಿಗೆ ಇದು ಅಸಾಧ್ಯವೇನಲ್ಲ. ಇಂಟರ್ನೆಟ್ಟಿನಲ್ಲಿ ವೇಳೆ ಬರೆಯುವ ಆರ್‌ಎಫ್‌ಸಿ 3339ರ ರೂಪದಲ್ಲಿ ಅಂತರವನ್ನು ಗಂಟೆ ನಿಮಿಷದಲ್ಲಿ ಮಾತ್ರ ಬರೆಯಬಹುದು, ವಲಯದ ಹೆಸರಿಗೆ ಜಾಗವಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 9557 ಹೆಸರನ್ನು ಚೌಕ ಆವರಣದಲ್ಲಿ ಸೇರಿಸಲು ಅವಕಾಶ ಕೊಟ್ಟಿತು. ಮದ್ರಾಸ್ ಸಮಯದ 5:21:10ರ ಕೊನೆಯ ಹತ್ತು ಸೆಕೆಂಡು ಈಗಲೂ ಆ ಬರವಣಿಗೆಯಲ್ಲಿ ಹಿಡಿಸುವುದಿಲ್ಲ.

1970ಕ್ಕೆ ಹಿಂದಿನ ಜಾತಕ, ವಂಶಾವಳಿ, ಕಡತಗಳಿಗೆ ನಾನು ಸೂಚಿಸುವುದು ಬೇರೆ ವಿಧಾನ. ಮೂಲದಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಒಂದು ಅಂಕಣದಲ್ಲಿ, ಊರಿನ ಹೆಸರು ಮತ್ತು ಅಕ್ಷಾಂಶ ರೇಖಾಂಶ ಇನ್ನೊಂದರಲ್ಲಿ, ಅದು ಘಟಿಯೋ ಗಡಿಯಾರವೋ, ಗಡಿಯಾರವಾದರೆ ಯಾವ ಸಮಯವೆಂದು ತೀರ್ಮಾನಿಸಿದ್ದೀರಿ ಮತ್ತು ಯಾವ ಆಧಾರದಿಂದ ಎಂಬುದು ಮತ್ತೊಂದರಲ್ಲಿ. ಲೆಕ್ಕ ಹಾಕಿದ ಯುಟಿಸಿ ಬೇಕಾದರೆ ಕೊನೆಯಲ್ಲಿರಲಿ, ಅಳಿಸಿ ಮತ್ತೆ ಲೆಕ್ಕ ಹಾಕಬಹುದಾದ ಅಂಕಣವಾಗಿ. ಜಾವಾದ ಹೊಸ ಲೈಬ್ರರಿಯಲ್ಲೂ ಪೈಥಾನ್ 3.7ರ ನಂತರವೂ ಅಂತರವನ್ನು ಸೆಕೆಂಡಿನವರೆಗೆ ಕೊಡಬಹುದು. ಹಾಗಾಗಿ ಶಿರಸಿಯ 4:59:22 ಎಂಬ ಅಂತರವನ್ನು ನಾವೇ ಕಟ್ಟಿಕೊಂಡು, ಸ್ಥಳೀಯ ಸಮಯವೆಂದು ಖಚಿತವಾದ ದಾಖಲೆಗೆ ಹಚ್ಚಲು ಯಾವ ಅಡ್ಡಿಯೂ ಇಲ್ಲ. ಸಿದ್ದಾಪುರದ ದಾಖಲೆಗೆ 12 ಸೆಕೆಂಡು ಕೂಡಿಸಬೇಕು, ಯಲ್ಲಾಪುರದ್ದಕ್ಕೆ 32 ಕಳೆಯಬೇಕು.